ತಳೇಗಾಂವದಿಂದ ಹೊರಟದ್ದು

ಪುಣೆಯಿಂದ ಲೋಣಾವಳೆಗೆ ಹೋಗುವ ಲೋಕಲ್ ರೈಲಿನಲ್ಲಿ ಕೂತವರಲ್ಲಿ ಬಹಳ ಜನ ತಳೇಗಾಂವ ದಾಭಾಡೆಯನ್ನು ಕಿಟಕಿಯಿಂದಲೇ ನೋಡಿ ಮುಗಿಸುತ್ತಾರೆ. ತಿರುಗಾಟಕ್ಕೆ ಹೊರಟವರಿಗೆ ಕಾರ್ಲೆಯ ಚೈತ್ಯ ಬೇಕು, ಲೋಹಗಡ ಬೇಕು, ಲೋಣಾವಳೆಯ ಚಿಕ್ಕಿ ಬೇಕು. ಕೆಲಸಕ್ಕೆ ಬಂದವರಿಗೆ ಎಂಐಡಿಸಿಯ ಕಾರ್ಖಾನೆ ಗೇಟು ಸಾಕು. ಮರಾಠಾ ರಾಜ್ಯದ ಸೇನಾಪತಿಯ ಮನೆಯಿದ್ದ ಊರು ಇದು. ಪುಣೆಗೆ ಹೋಗುವ ಮೊದಲು ಪಂಡಿತರು ದಕ್ಷಿಣೆಗಾಗಿ ಇಲ್ಲಿಗೆ ಬರುತ್ತಿದ್ದರು. ಇಲ್ಲಿ ಮೊಳೆತ ಎಷ್ಟೋ ಸಂಗತಿಗಳು ಬೇರೆ ಊರುಗಳಲ್ಲಿ ಬೆಳೆದು ಆ ಊರುಗಳಿಗೇ ಹೆಸರು ತಂದವು. ಮಾವಳ ಸೀಮೆಯ ಈ ಊರಿಗೆ ಒಂದು ಇಡೀ ದಿನ ಕೊಡಲು ಅಷ್ಟೇ ಕಾರಣ ಸಾಕು.

ದಾಭಾಡೆ ಮನೆತನದ ಕಥೆಯಲ್ಲಿ ಕನ್ನಡನಾಡಿನ ದಾರಿಯೂ ಇದೆ. 1689ರಲ್ಲಿ ಸಂಭಾಜಿ ಮಹಾರಾಜ ಮೊಗಲರ ಕೈಗೆ ಸಿಕ್ಕಿ ಹತನಾದ ಮೇಲೆ ತಮ್ಮ ರಾಜಾರಾಮ ವೇಷ ಮರೆಸಿಕೊಂಡು ಪನ್ಹಾಳದಿಂದ ಜಿಂಜಿಗೆ ಓಡಿದ. ನಡುವೆ ಅವನಿಗೆ ಆಸರೆ ಕೊಟ್ಟವಳು ಕೆಳದಿಯ ಚೆನ್ನಮ್ಮ. ಔರಂಗಜೇಬನ ಸೈನ್ಯ ತನ್ನ ನಾಡಿನ ಮೇಲೆ ಬಿದ್ದರೂ ಅವಳು ಅತಿಥಿಯನ್ನು ಬಿಟ್ಟುಕೊಡಲಿಲ್ಲ. ಆ ಪ್ರಯಾಣದಲ್ಲಿ ರಾಜಾರಾಮನ ಜೊತೆಗಿದ್ದವರಲ್ಲಿ ಖಂಡೇರಾವ್ ದಾಭಾಡೆ ಒಬ್ಬ. 1717ರಲ್ಲಿ ಶಾಹು ಛತ್ರಪತಿ ಅವನನ್ನು ಸೇನಾಪತಿ ಮಾಡಿದ. ಗುಜರಾತಿನ ಕಡೆಗೆ ಮರಾಠರ ಕುದುರೆಗಳನ್ನು ಹೊರಡಿಸಿದವನು ಅವನೇ. ಅವನ ಕೈಕೆಳಗೆ ದುಡಿದ ಗಾಯಕವಾಡರೇ ಮುಂದೆ ಬಡೋದೆಯ ಅರಸರಾದರು.

ಖಂಡೇರಾವ್ ಇನ್ನೊಂದು ಕೆಲಸ ಮಾಡಿದ. ಶ್ರಾವಣದಲ್ಲಿ ವಿದ್ವಾಂಸರನ್ನು ತಳೇಗಾಂವಕ್ಕೆ ಕರೆಸಿ ದಕ್ಷಿಣೆ ಕೊಡುವ ಪದ್ಧತಿ ಇಟ್ಟ. 1731ರ ನಂತರ ಈ ದಕ್ಷಿಣೆಯನ್ನು ಪೇಶ್ವೆಗಳು ಪುಣೆಗೆ ಒಯ್ದರು. ಪರ್ವತಿ ಗುಡ್ಡದ ಬುಡದ ರಮಣದಲ್ಲಿ ಹಣ ಹಂಚುವುದು ಪುಣೆಯ ದೊಡ್ಡ ಹಬ್ಬವೇ ಆಯಿತು. ಕರ್ನಾಟಕದಿಂದ, ತೆಲಂಗಾಣದಿಂದ, ಕಾಶಿಯಿಂದ ಜನ ಬಂದರು. ಪೇಶ್ವೆಗಳು ಹೋಗಿ ಕಂಪನಿ ಸರ್ಕಾರ ಬಂದಾಗ ಎಲ್ಫಿನ್‌ಸ್ಟನ್ ಈ ಹಣವನ್ನು ನಿಲ್ಲಿಸಲಿಲ್ಲ. 1821ರಲ್ಲಿ ವಿಶ್ರಾಮಬಾಗ್ ವಾಡೆಯಲ್ಲಿ ತೆರೆದ ಸಂಸ್ಕೃತ ಪಾಠಶಾಲೆಗೆ ಅದರಿಂದಲೇ ಪಾಲು ಹೋಯಿತು. ಆ ಶಾಲೆಯೇ ಬೆಳೆದು 1864ರಲ್ಲಿ ಡೆಕ್ಕನ್ ಕಾಲೇಜು ಆಯಿತು. ಮಹಾದೇವ ಗೋವಿಂದ ರಾನಡೆ, ರಾಮಕೃಷ್ಣ ಗೋಪಾಳ ಭಾಂಡಾರಕರ ಓದಿನ ದಿನಗಳಲ್ಲಿ ದಕ್ಷಿಣಾ ಫೆಲೋಗಳು. ಆದರೆ ಈ ಹಣದ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. 1855ರಲ್ಲಿ ಜ್ಯೋತಿಬಾ ಫುಲೆ ಬರೆದ ‘ತೃತೀಯ ರತ್ನ’ ನಾಟಕವನ್ನು ದಕ್ಷಿಣಾ ಪ್ರೈಜ್ ಕಮಿಟಿ ತಿರಸ್ಕರಿಸಿತು. ಬ್ರಾಹ್ಮಣರಿಗೆ ಕೊಡುವ ದಾನವಾಗಿ ಹುಟ್ಟಿದ ಹಣದ ಮೇಲೆ ಆ ಹುಟ್ಟಿನ ಗುರುತು ಉಳಿದೇ ಇತ್ತು.

1731ರಲ್ಲಿ ಆದದ್ದೇನು? ಖಂಡೇರಾವ್ 1729ರಲ್ಲಿ ತೀರಿಕೊಂಡ. ಮಗ ತ್ರಿಂಬಕರಾವ್ ಸೇನಾಪತಿಯಾದ. ಗುಜರಾತಿನ ವಸೂಲಿ ಯಾರದು ಎಂಬ ಜಗಳ ಪೇಶ್ವೆ ಬಾಜಿರಾಯನ ಜೊತೆ ಯುದ್ಧಕ್ಕೆ ತಿರುಗಿ, ಏಪ್ರಿಲ್ 1ರಂದು ಡಭೋಯಿಯ ಹತ್ತಿರ ತ್ರಿಂಬಕರಾವ್ ಗುಂಡಿಗೆ ಬಲಿಯಾದ. ಸೇನಾಪತಿಯನ್ನು ಪೇಶ್ವೆಯೇ ಕೊಂದಂತಾಯಿತು. ತಾಯಿ ಉಮಾಬಾಯಿಯನ್ನು ಸಮಾಧಾನಪಡಿಸಲು ಶಾಹು ಬಾಜಿರಾಯನನ್ನು ಕರೆದುಕೊಂಡು ತಾನೇ ತಳೇಗಾಂವಕ್ಕೆ ಬಂದ ಎಂದು ಹೇಳುತ್ತಾರೆ. ಅರಸನೇ ಹೊಸ್ತಿಲಿಗೆ ಬರಬೇಕಾದರೆ ಆ ಮನೆಯ ತೂಕ ಎಷ್ಟಿದ್ದಿರಬೇಕು!

ಸೇನಾಪತಿ ಪಟ್ಟ ಇನ್ನೊಬ್ಬ ಮಗ ಯಶವಂತರಾಯನ ಹೆಸರಿಗೆ ಬಂತು, ಕಾರಭಾರ ಉಮಾಬಾಯಿಯ ಕೈಗೆ. ಗಂಡ ಹೋಗಿ ಎರಡು ವರ್ಷವಾಗಿತ್ತು, ಈಗ ಮಗನೂ ಇಲ್ಲ. ಆದರೂ ಅವಳು ಅಹಮದಾಬಾದಿನವರೆಗೆ ಸೈನ್ಯ ಒಯ್ದಳು. ವಣಿಯ ಸಪ್ತಶೃಂಗಿ ಗುಡ್ಡಕ್ಕೆ ಮೆಟ್ಟಿಲು ಕಟ್ಟಿಸಿದವಳೂ ಅವಳೇ. ಗುಜರಾತಿನ ಅರ್ಧ ಪಾಲು ಕೊಡು ಎಂದು ನಾನಾಸಾಹೇಬ ಪೇಶ್ವೆ ಒತ್ತಾಯಿಸಿದಾಗ, 1750ರಲ್ಲಿ ಆಳಂದಿಯಲ್ಲಿ ಅವನನ್ನು ಮುಖಾಮುಖಿ ಕಂಡು ವಾದಿಸಿದಳು. ಮಾತು ಫಲಿಸದಾಗ ರಾಜಾರಾಮನ ವಿಧವೆ ತಾರಾಬಾಯಿಯ ಪಕ್ಷ ಹಿಡಿದು ದಮಾಜಿ ಗಾಯಕವಾಡನನ್ನು ಪೇಶ್ವೆಯ ಮೇಲೆ ಕಳಿಸಿದಳು. ದಮಾಜಿ ಸೋತು ಸೆರೆಯಾದ. ದಾಭಾಡೆಯವರ ಬಲ ಮುರಿಯಿತು. 1753ರಲ್ಲಿ ಉಮಾಬಾಯಿ ಪುಣೆಯಲ್ಲಿ ತೀರಿಕೊಂಡಳು. ಅವಳ ಸಮಾಧಿ ತಳೇಗಾಂವದ ಬಾಣೇಶ್ವರ ದೇವಾಲಯದ ಆವರಣದಲ್ಲಿದೆ. ಊರು ನೋಡಲು ಬಂದವರು ಮೊದಲು ಹೋಗಬೇಕಾದದ್ದು ಅಲ್ಲಿಗೆ. ಕಿತ್ತೂರು, ಕೆಳದಿಯ ರಾಣಿಯರನ್ನು ಹಾಡಿ ಹೊಗಳುವ ನಾಡಿನವರಿಗೆ ಈ ಸೇನಾಪತಿಯ ಹೆಸರೂ ಗೊತ್ತಿರಬೇಕು.

ಊರಿಗೆ ಮತ್ತೆ ಸದ್ದು ಬಂದದ್ದು 1779ರಲ್ಲಿ. ಪೇಶ್ವೆ ಮನೆತನದ ರಘುನಾಥರಾಯನನ್ನು ಗಾದಿಯ ಮೇಲೆ ಕೂರಿಸಲು ಮುಂಬೈಯಿಂದ ಸುಮಾರು 3,900 ಜನರ ಕಂಪನಿ ಸೈನ್ಯ ಹೊರಟಿತು. ಜೊತೆಗೆ ಸಾಮಾನು ಹೊತ್ತ ಸಾವಿರಾರು ಎತ್ತುಗಳು, ಘಾಟಿನಲ್ಲಿ ಆಮೆಯ ನಡಿಗೆ. ಜನವರಿ 9ರಂದು ತಳೇಗಾಂವ ಮುಟ್ಟಿದಾಗ ಅಲ್ಲಿ ಜನವೂ ಇಲ್ಲ, ಕಾಳೂ ಇಲ್ಲ, ಮೇವೂ ಇಲ್ಲ. ಮರಾಠರು ಎಲ್ಲ ಸುಟ್ಟು ಖಾಲಿ ಮಾಡಿದ್ದರು. ಪುಣೆ ಇನ್ನೊಂದು ದಿನದ ಹಾದಿ ಎನ್ನುವಷ್ಟರಲ್ಲಿ ಧೈರ್ಯ ಕುಸಿಯಿತು. ಭಾರಿ ತೋಪುಗಳನ್ನು ಊರಿನ ಕೆರೆಗೆ ತಳ್ಳಿ, ದಾಸ್ತಾನು ಸುಟ್ಟು, ರಾತ್ರಿ ಹಿಂದಿರುಗಿದರು. ಮರಾಠಾ ಸರದಾರ ಮಹಾದಜಿ ಶಿಂದೆಯ ಕುದುರೆ ಸವಾರರು ವಡಗಾಂವದಲ್ಲಿ ಸುತ್ತುಗಟ್ಟಿದರು. ಜನವರಿ 16ರಂದು ಕಂಪನಿ ಶರಣಾಗತಿಯ ಒಪ್ಪಂದಕ್ಕೆ ಸಹಿ ಹಾಕಿತು. ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್ ಅದನ್ನು ಒಪ್ಪಲಿಲ್ಲ, ಯುದ್ಧ ಮುಂದುವರಿಯಿತು. ಮರುವರ್ಷ ಮರಾಠರೊಡನೆ ಕೈಜೋಡಿಸಿ ಹೈದರಾಲಿ ಆರ್ಕಾಟಿನ ಸೀಮೆಗೆ ಇಳಿದ. ತಳೇಗಾಂವ ಬಿಟ್ಟರೆ ಮುಂದಿನ ರೈಲು ನಿಲ್ದಾಣವೇ ವಡಗಾಂವ. ಅಲ್ಲಿ ಆ ಗೆಲುವಿನ ಸ್ಮಾರಕವಿದೆ.

ರೈಲು ಬಂದದ್ದು 1858ರಲ್ಲಿ. ಅದರ ಬೆನ್ನಿಗೆ ಹೊಸ ತರಹದ ಜನ ಬಂದರು. ಪ್ರೊ. ವಿಷ್ಣು ಗೋವಿಂದ ವಿಜಾಪುರಕರ ಇಲ್ಲಿ ನಡೆಸುತ್ತಿದ್ದ ಸಮರ್ಥ ವಿದ್ಯಾಲಯ ಎಂಬ ರಾಷ್ಟ್ರೀಯ ಶಾಲೆಯನ್ನು ಸರ್ಕಾರ 1910ರಲ್ಲಿ ಮುಚ್ಚಿಸಿತು. ಅಂತಾಜಿ ದಾಮೋದರ ಕಾಳೆಯ ಪೈಸಾ ಫಂಡ್ ಮಾತ್ರ ಗಟ್ಟಿಯಾಗಿ ನಿಂತಿತು. ವರ್ಷಕ್ಕೆ ತಲೆಗೆ ಒಂದು ಪೈಸೆ ಕೊಡಿ, ಸ್ವದೇಶಿ ಕಾರ್ಖಾನೆ ಕಟ್ಟೋಣ ಎಂದು ಅವರು ಊರೂರು ತಿರುಗಿದರು. ಲೋಕಮಾನ್ಯ ಟಿಳಕರು ಬೆಂಬಲಕ್ಕೆ ನಿಂತರು. 1908ರಲ್ಲಿ ತಳೇಗಾಂವದಲ್ಲಿ ಗಾಜಿನ ಕಾರ್ಖಾನೆ ಶುರುವಾಯಿತು. ಜಪಾನಿನಲ್ಲೂ ಅಮೆರಿಕದಲ್ಲೂ ಗಾಜಿನ ಕೆಲಸ ಕಲಿತು ಬಂದ ಈಶ್ವರದಾಸ ವಾರ್ಷ್ಣೇಯ ಕುಲುಮೆಯ ಉಸ್ತುವಾರಿ ಹೊತ್ತರು. ಮಾಲು ತಯಾರಿಸುವುದರ ಜೊತೆಗೆ ಹುಡುಗರಿಗೆ ಕಸಬು ಕಲಿಸುವುದೂ ಅಲ್ಲಿಯ ಕೆಲಸವಾಗಿತ್ತು. ಕಲಿತವರು ದೇಶದ ಬೇರೆ ಬೇರೆ ಗಾಜಿನ ಕಾರ್ಖಾನೆಗಳಿಗೆ ಹೋದರು. ವಾರ್ಷ್ಣೇಯರೂ ಮುಂದೆ ಉತ್ತರ ಪ್ರದೇಶದ ಬಹಜೋಯಿಯಲ್ಲಿ ಸ್ವಂತ ಕಾರ್ಖಾನೆ ಹೂಡಿದರು.

ಸಣ್ಣವರ ಕಾಣಿಕೆಯ ಕಥೆ ಈ ಸೀಮೆಗೆ ಹೊಸತಲ್ಲ. ಪುಣೆಯ ದಿಕ್ಕಿಗೆ ತುಸು ಹಿಂದಿರುಗಿದರೆ ಘೋರಾವಡೇಶ್ವರದ ಗುಡ್ಡ. ಮೇಲೆ ಬೌದ್ಧ ಭಿಕ್ಷುಗಳಿಗಾಗಿ ಕೊರೆದ ಗುಹೆಗಳಿವೆ, ಶಿವಲಿಂಗ ನಂತರದ್ದು. ಅಲ್ಲಿಯ ಬ್ರಾಹ್ಮಿ ಶಾಸನವೊಂದು ಧೇನುಕಾಕಟದ ರೈತನೊಬ್ಬನ ಹೆಂಡತಿ ಕೊಟ್ಟ ದಾನವನ್ನು ದಾಖಲಿಸಿದೆ. ಮಳೆಗಾಲ ಮುಗಿಯುತ್ತಿದ್ದಂತೆ ಬೆಳಿಗ್ಗೆ ಹತ್ತಿದರೆ ಮಾವಳದ ಹಸಿರೆಲ್ಲ ಕಣ್ಣಿಗೆ ಸಿಗುತ್ತದೆ. ಮಧ್ಯಾಹ್ನಕ್ಕೆ ಇಂದ್ರಾಯಣಿ ದಂಡೆಯ ಇಂದೂರಿಗೆ ಹೋಗಬಹುದು. ಅಲ್ಲಿ ದಾಭಾಡೆಯವರ ಕೋಟೆಯ ಹೆಬ್ಬಾಗಿಲು ಇನ್ನೂ ನಿಂತಿದೆ. ಹತ್ತಿರದ ಭಂಡಾರಾ ಗುಡ್ಡ ಸಂತ ತುಕಾರಾಮರು ಏಕಾಂತಕ್ಕೆ ಹೋಗುತ್ತಿದ್ದ ಜಾಗ. ಮಹಾರಾಷ್ಟ್ರದ ಕೋಟೆಗಳನ್ನು ಕಾಲ್ನಡಿಗೆಯಲ್ಲಿ ಅಳೆದು ಬರೆದ ಗೋ. ನೀ. ದಾಂಡೇಕರ ಬಹುಕಾಲ ನೆಲೆಸಿದ್ದು ತಳೇಗಾಂವದಲ್ಲೇ.