ಗಬ್ಬ ನಿಲ್ಲುವ ದಿನ

ಕುರಿಗೆ ಬೆದೆ ಬರುವುದು ಸುಮಾರು ಹದಿನೇಳು ದಿನಕ್ಕೊಮ್ಮೆ. ಟಗರು ಹಾರಿದ ಮೇಲೆ ಆ ಲೆಕ್ಕದ ದಿನಕ್ಕೆ ಮತ್ತೆ ಬೆದೆ ಕಾಣದಿದ್ದರೆ ಗಬ್ಬ ನಿಂತಿದೆ ಎಂದು ಕುರಿ ಸಾಕುವವರು ತಿಳಿಯುತ್ತಾರೆ. ಹಟ್ಟಿಯ ಈ ಲೆಕ್ಕ ಬಹಳ ಹಳೆಯದು. ಆದರೆ ತಾನು ಗಬ್ಬವಾಗಿದ್ದೇನೆ ಎಂಬುದು ಕುರಿಯ ಮೈಗೆ ಗೊತ್ತಾಗುವುದು ಯಾವ ದಿನ? ಅದಕ್ಕೆ ಆ ಸುದ್ದಿ ಮುಟ್ಟಿಸುವವರು ಯಾರು? ಈ ಪ್ರಶ್ನೆಗೆ ಉತ್ತರದ ಮೊದಲ ಎಳೆ ಸಿಕ್ಕಿದ್ದು 1960ರ ದಶಕದಲ್ಲಿ, ಇಂಗ್ಲೆಂಡಿನ ಕೇಂಬ್ರಿಡ್ಜ್‌ನ ಹಂಟಿಂಗ್ಡನ್ ರಸ್ತೆಯಲ್ಲಿದ್ದ ಪ್ರಾಣಿ ಸಂಶೋಧನಾ ಕೇಂದ್ರದಲ್ಲಿ. ಒಂದು ಕುರಿಯ ಭ್ರೂಣವನ್ನು ತೆಗೆದು ಇನ್ನೊಂದು ಕುರಿಯ ಗರ್ಭಕೋಶದಲ್ಲಿ ಇಡುವ ಕೆಲಸದಲ್ಲಿ ತೊಡಗಿದ್ದವರಿಗೆ ಅದು ಸಿಕ್ಕಿತು.

ಭ್ರೂಣ ವರ್ಗಾವಣೆಯ ಕಥೆ ಶುರುವಾಗುವುದು ಮೊಲದಿಂದ. 1890ರ ಏಪ್ರಿಲ್ 27ರಂದು ವಾಲ್ಟರ್ ಹೀಪ್ ಎಂಬ ಇಂಗ್ಲಿಷ್ ಜೀವವಿಜ್ಞಾನಿ ಅಂಗೋರಾ ಮೊಲವೊಂದರಿಂದ ಎರಡು ಎಳೆಯ ಭ್ರೂಣ ತೆಗೆದು, ಸ್ವಲ್ಪ ಹೊತ್ತಿನ ಹಿಂದಷ್ಟೇ ತನ್ನದೇ ತಳಿಯ ಗಂಡಿನೊಡನೆ ಕೂಡಿದ್ದ ಬೆಲ್ಜಿಯನ್ ಹೇರ್ ತಳಿಯ ಮೊಲದ ಅಂಡನಾಳಕ್ಕೆ ಸೇರಿಸಿದ. ಆ ಮೊಲ ಆರು ಮರಿ ಹಾಕಿತು. ನಾಲ್ಕು ಅದರವೇ, ಎರಡು ಅಪ್ಪಟ ಅಂಗೋರಾ. ತಳಿ ಹೆಚ್ಚಿಸುವ ಉಪಾಯ ಹುಡುಕುವುದು ಹೀಪ್‌ನ ಉದ್ದೇಶವಾಗಿರಲಿಲ್ಲ. ಹೊತ್ತ ತಾಯಿಯ ತಳಿಗುಣ ಮರಿಗೆ ಅಂಟುತ್ತದೆಯೇ ಎಂದು ನೋಡಬೇಕಿತ್ತು ಅವನಿಗೆ. ಅಂಟಿರಲಿಲ್ಲ.

ಕುರಿಯಲ್ಲಿ ಈ ಕೆಲಸ ಮೊದಲು ಕೈಗೂಡಿದ್ದು ಅಮೆರಿಕದ ಟೆಕ್ಸಾಸ್‌ನಲ್ಲಿ. ಉಣ್ಣೆಯ ಕುರಿ, ಅಂಗೋರಾ ಮೇಕೆ ಎರಡೂ ಹೇರಳವಾಗಿದ್ದ ಆ ಸೀಮೆಯಲ್ಲಿ ವಾರ್ವಿಕ್ ಮತ್ತು ಬೆರ್ರಿ ಎಂಬ ಸಂಶೋಧಕರನ್ನು ಒಂದು ಪ್ರಶ್ನೆ ಕಾಡುತ್ತಿತ್ತು. ಟಗರನ್ನು ಮೇಕೆಗೆ ಬಿಟ್ಟರೆ ಗಬ್ಬವೇನೋ ನಿಲ್ಲುತ್ತದೆ, ಆದರೆ ಮರಿ ಹುಟ್ಟುವ ಮೊದಲೇ ಒಳಗೇ ಸಾಯುತ್ತದೆ. ದೋಷ ಮಿಶ್ರ ರಕ್ತದ ಮರಿಯದೋ, ಹೊತ್ತ ಒಡಲಿನದೋ? ಮೇಕೆಯ ಭ್ರೂಣವನ್ನು ಕುರಿಗೆ, ಕುರಿಯದನ್ನು ಮೇಕೆಗೆ ಇಟ್ಟು ನೋಡಿದರು, ಅವೂ ಉಳಿಯಲಿಲ್ಲ. ಕುರಿಯಿಂದ ಕುರಿಗೆ, ಮೇಕೆಯಿಂದ ಮೇಕೆಗೆ ದಾಟಿಸಿದಾಗ ಮಾತ್ರ ಮರಿ ಹುಟ್ಟಿದವು. 1934ರಲ್ಲಿ ಮೊದಲ ವರದಿ ಬಂತು, 1949ರಲ್ಲಿ ವಿವರವಾದದ್ದು. ಆ ಒಡಲುಗಳು ಪರಜಾತಿಯ ಭ್ರೂಣವನ್ನು ಏಕೆ ಉಳಿಸಿಕೊಳ್ಳಲಿಲ್ಲ ಎಂಬುದು ಹಾಗೇ ಉಳಿಯಿತು.

ಕೇಂಬ್ರಿಡ್ಜ್‌ನ ಕೇಂದ್ರವನ್ನು ಕಟ್ಟಿ ಬೆಳೆಸಿದವರು ಜಾನ್ ಹ್ಯಾಮಂಡ್. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಲ್ಲಿ ಭ್ರೂಣ ವರ್ಗಾವಣೆಯನ್ನು ಕೈಗೆತ್ತಿಕೊಂಡವರು ಲಯೊನೆಲ್ ಎಡ್ವರ್ಡ್ ಆಸ್ಟನ್ ರೋಸನ್ ಎಂಬ ಪಶುವೈದ್ಯರು. ಗುರಿ ಇದ್ದದ್ದು ಹಸುವಿನ ಮೇಲೆ, ಆದರೆ ಹಸು ದುಬಾರಿ. ಕುರಿ ಅಗ್ಗ, ಅದರ ಬೆದೆಯ ಸುತ್ತು ಚಿಕ್ಕದು, ಶಸ್ತ್ರಚಿಕಿತ್ಸೆಯನ್ನೂ ತಾಳಿಕೊಳ್ಳುತ್ತದೆ. ಹೀಗೆ ಹಸುವಿಗೆ ಬದಲಾಗಿ ಬಂದ ಕುರಿ ಕೊನೆಗೆ ಈ ವಿದ್ಯೆಯ ಮುಖ್ಯ ಗುರುವೇ ಆಯಿತು.

ಕೆಲಸದ ಕ್ರಮ ಹೀಗಿತ್ತು. ಗಬ್ಬದ ಕುದುರೆಯ ರಕ್ತದಿಂದ ತೆಗೆದ ಹಾರ್ಮೋನನ್ನು ದಾನಿ ಕುರಿಗೆ ಚುಚ್ಚುತ್ತಿದ್ದರು. ಸಾಮಾನ್ಯವಾಗಿ ಒಂದೋ ಎರಡೋ ಅಂಡ ಬಿಡುವ ಕುರಿ ಆಗ ಒಮ್ಮೆಗೇ ಹಲವು ಅಂಡ ಬಿಡುತ್ತಿತ್ತು. ಟಗರು ಹಾರಿದ ಕೆಲವು ದಿನಕ್ಕೆ ಅರಿವಳಿಕೆ ಕೊಟ್ಟು, ಹೊಟ್ಟೆಯ ಅಡಿಭಾಗವನ್ನು ಸೀಳಿ, ಅಂಡನಾಳದೊಳಗೆ ದ್ರವ ಹಾಯಿಸಿ ತೊಳೆಯುತ್ತಿದ್ದರು. ಗಾಜಿನ ಬಟ್ಟಲಿಗೆ ಬಿದ್ದ ಆ ದ್ರವದಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಭ್ರೂಣ ಹುಡುಕಬೇಕು, ಸಿಕ್ಕಿದ್ದನ್ನು ಸಣ್ಣ ನಳಿಕೆಯಲ್ಲಿ ಹೀರಿ ಇನ್ನೊಂದು ಕುರಿಗೆ ಇಡಬೇಕು. ಹಸುವಿನಲ್ಲಿ ಮುಂದೆ ಗರ್ಭಕೊರಳಿನ ಮೂಲಕವೇ ಇದನ್ನು ಮಾಡುವ ದಾರಿ ಸಿಕ್ಕಿತು. ಕುರಿಯ ಗರ್ಭಕೊರಳು ಒಳಗೆ ಮಡಿಕೆ ಮಡಿಕೆಯಾಗಿ ಸೊಟ್ಟಗಿರುತ್ತದೆ, ನಳಿಕೆ ಹಾಯುವುದೇ ಕಷ್ಟ. ಹಾಗಾಗಿ ಕುರಿಯ ಹೊಟ್ಟೆಗೆ ಕತ್ತರಿ ತಪ್ಪಲಿಲ್ಲ. ಗಾಯ ಮಾದಾಗ ಒಳಗಿನ ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುವುದರಿಂದ ಒಂದೇ ಕುರಿಯಿಂದ ಮತ್ತೆ ಮತ್ತೆ ಭ್ರೂಣ ತೆಗೆಯಲೂ ಆಗುತ್ತಿರಲಿಲ್ಲ. 1980ರ ದಶಕದಲ್ಲಿ ಲ್ಯಾಪರೊಸ್ಕೋಪು ಬಂದ ಮೇಲಷ್ಟೇ ಗಾಯ ಚಿಕ್ಕದಾಯಿತು.

1955ರಲ್ಲಿ ಹಂಟರ್, ಆಡಮ್ಸ್ ಮತ್ತು ರೋಸನ್ ಒಂದು ತಳಿಯ ಕುರಿಯ ಭ್ರೂಣವನ್ನು ಇನ್ನೊಂದು ತಳಿಗೆ ದಾಟಿಸಿದ ಫಲಿತಾಂಶ ಪ್ರಕಟಿಸಿದರು. ದೊಡ್ಡ ಮೈಯ ತಳಿಯ ಮರಿಯನ್ನು ಸಣ್ಣ ತಳಿ ಹೊತ್ತರೆ ಮರಿಯ ಗಾತ್ರ ಏನಾಗುತ್ತದೆ ಎಂಬುದು ಹಂಟರ್ ಹಿಡಿದ ಪ್ರಶ್ನೆ. ಬಣ್ಣ, ಉಣ್ಣೆ, ಮುಖ ಎಲ್ಲ ಹೆತ್ತವರದೇ ಆದರೂ ಹುಟ್ಟಿದಾಗಿನ ತೂಕದಲ್ಲಿ ಹೊತ್ತವಳ ಒಡಲಿನ ಪಾಲೂ ಇರುತ್ತದೆ ಎಂದು ಇಂಥ ಪ್ರಯೋಗಗಳಿಂದ ಗೊತ್ತಾಯಿತು.

ಅದೇ ವರ್ಷ ಇನ್ನೊಂದು ಸಂಗತಿಯೂ ತಿಳಿದಿತ್ತು. ಕುರಿಯ ಎಳೆಯ ಭ್ರೂಣವನ್ನು ಮೊಲದ ಅಂಡನಾಳದಲ್ಲಿ ಇಟ್ಟರೆ ಅದು ಕೆಲವು ದಿನ ಸಾಯದೆ ಬೆಳೆಯುತ್ತದೆ. ಭ್ರೂಣವನ್ನು ಹೊರಗೆ ಜೀವಂತ ಇಡುವ ಒಳ್ಳೆಯ ದ್ರವ ಇನ್ನೂ ಇರದಿದ್ದ ಕಾಲ ಅದು. ಹಂಟರ್ ದಕ್ಷಿಣ ಆಫ್ರಿಕಾಕ್ಕೆ ಹೋದ ಮೇಲೆ ಇದರ ಉಪಯೋಗ ಕಂಡಿತು. ಕೇಂಬ್ರಿಡ್ಜ್‌ನಲ್ಲಿ ಬಾರ್ಡರ್ ಲೆಸ್ಟರ್ ಕುರಿಗಳಿಂದ ತೆಗೆದ ಭ್ರೂಣಗಳನ್ನು ಹೊಟ್ಟೆಯೊಳಗಿಟ್ಟುಕೊಂಡ ಮೊಲ ವಿಮಾನದಲ್ಲಿ ದಕ್ಷಿಣ ಆಫ್ರಿಕಾ ಸೇರಿತು. ಅಲ್ಲಿ ಡಾರ್ಪರ್ ಕುರಿಗಳಿಗೆ ಅವನ್ನು ಇಡಲಾಯಿತು, ಮರಿಗಳೂ ಹುಟ್ಟಿದವು. 1962ರಲ್ಲಿ ಇದರ ವರದಿ ಬಂತು. ತಳಿಕುರಿಗಳ ಹಿಂಡನ್ನೇ ಹಡಗಿಗೆ ಹತ್ತಿಸಿ, ಅರ್ಧ ದಾರಿಯಲ್ಲಿ ಕಾಯಿಲೆ ಬಿದ್ದವನ್ನು ಕಳೆದುಕೊಂಡು ಸಾಗಿಸುವ ಕಾಲದಲ್ಲಿ, ಒಂದು ಮೊಲದ ಪೆಟ್ಟಿಗೆಯಲ್ಲಿ ತಳಿಯೊಂದು ಭೂಖಂಡ ದಾಟಬಹುದು ಎಂದು ತೋರಿಸಿದ್ದು ಸಣ್ಣ ಸಾಧನೆಯಲ್ಲ.

ಆದರೂ ಎಷ್ಟೋ ಭ್ರೂಣಗಳು ಉಳಿಯುತ್ತಿರಲಿಲ್ಲ. ಭ್ರೂಣ ಚೆನ್ನಾಗಿದೆ, ಕೈ ಕೆಲಸದಲ್ಲಿ ಲೋಪವಿಲ್ಲ, ಆದರೂ ಕುರಿ ಮತ್ತೆ ಬೆದೆಗೆ ಬರುತ್ತದೆ. ರೋಸನ್ ಮತ್ತು ಅವರ ಸಹೋದ್ಯೋಗಿ ರಾಬರ್ಟ್ ಮೂರ್ ಎರಡು ಕುರಿಗಳ ದಿನ ತಾಳೆ ನೋಡಲು ಕೂತರು. ದಾನಿ ಕುರಿ ಬೆದೆಗೆ ಬಂದ ದಿನ ಯಾವುದು, ಹೊರುವ ಕುರಿಯದು ಯಾವುದು? ಬೇಕೆಂದೇ ದಿನಗಳನ್ನು ಹಿಂದುಮುಂದು ಮಾಡಿ ಭ್ರೂಣ ಇಟ್ಟು ನೋಡಿದರು. ಎರಡೂ ಒಂದೇ ದಿನದವಾದರೆ ಗಬ್ಬ ನಿಲ್ಲುವುದು ಹೆಚ್ಚು. ಎರಡು ದಿನದವರೆಗಿನ ಹೆಚ್ಚುಕಡಿಮೆಯನ್ನು ಗರ್ಭಕೋಶ ಸಹಿಸುತ್ತದೆ. ಮೂರು ದಿನ ಆಚೀಚೆಯಾಯಿತೋ, ಗಬ್ಬ ನಿಲ್ಲುವುದೇ ಅಪರೂಪ. 1966ರಲ್ಲಿ ಪ್ರಕಟವಾದ ಈ ಫಲಿತಾಂಶ ಭ್ರೂಣ ವರ್ಗಾವಣೆಯ ಇತಿಹಾಸದಲ್ಲಿ ಯಾವ ಹೊಸ ಉಪಕರಣಕ್ಕಿಂತಲೂ ದೊಡ್ಡದು. ಈ ವಿದ್ಯೆಯ ಗೆಲುವು ಸೋಲು ವೈದ್ಯನ ಕೈಗಿಂತ ಹೆಚ್ಚಾಗಿ ಬೆದೆಯ ದಿನ ಬರೆದಿಡುವ ಪುಸ್ತಕದ ಮೇಲೆ ನಿಂತಿದೆ ಎಂದು ಅದು ಹೇಳಿತು.

ಅಲ್ಲಿಗೆ ನಿಲ್ಲಿಸದೆ ಅವರು ಇನ್ನೂ ಸೂಕ್ಷ್ಮವಾದ ಪ್ರಶ್ನೆ ಕೇಳಿದರು. ಅಂಡ ಸಿಡಿದು ಹೊರಬಂದ ಜಾಗದಲ್ಲಿ ಅಂಡಾಶಯದ ಮೇಲೆ ಒಂದು ಹಳದಿ ಗ್ರಂಥಿ ಬೆಳೆಯುತ್ತದೆ, ಕಾರ್ಪಸ್ ಲೂಟಿಯಂ. ಗಬ್ಬವನ್ನು ಕಾಯುವ ಪ್ರೊಜೆಸ್ಟರಾನ್ ಹಾರ್ಮೋನು ಅದರಿಂದ ಬರುತ್ತದೆ. ಗಬ್ಬ ಇಲ್ಲದಿದ್ದರೆ ಎರಡು ವಾರಕ್ಕೆ ಆ ಗ್ರಂಥಿ ಕರಗುತ್ತದೆ, ಕುರಿ ಮತ್ತೆ ಬೆದೆಗೆ ಬರುತ್ತದೆ. ಗಬ್ಬ ಇದ್ದರೆ ಕರಗುವುದಿಲ್ಲ. ಕರಗಬೇಡ ಎಂದು ಅದಕ್ಕೆ ಹೇಳುವವರು ಯಾರು? ಮೂರ್ ಮತ್ತು ರೋಸನ್ ಗಬ್ಬದ ಕುರಿಗಳಿಂದ ಬೇರೆ ಬೇರೆ ದಿನ ಭ್ರೂಣವನ್ನು ತೆಗೆದುಬಿಟ್ಟು ಕಾದರು. ಹನ್ನೆರಡನೆಯ ದಿನ ತೆಗೆದರೆ ಕುರಿ ಏನೂ ನಡೆದೇ ಇಲ್ಲವೆಂಬಂತೆ ವಾಡಿಕೆಯ ದಿನಕ್ಕೆ ಬೆದೆಗೆ ಬಂತು. ಹದಿಮೂರನೆಯ ದಿನ ತೆಗೆದರೆ ಹಳದಿ ಗ್ರಂಥಿ ಕರಗದೆ ಉಳಿಯಿತು. ಭ್ರೂಣವೇ ಇಲ್ಲದಿದ್ದರೂ ಕುರಿಯ ಮೈ ಗಬ್ಬವಾದಂತೆಯೇ ನಡೆದುಕೊಂಡಿತು.

ಅಂದರೆ ಸುದ್ದಿ ಮುಟ್ಟುವುದು ಹನ್ನೆರಡು ಹದಿಮೂರನೆಯ ದಿನಗಳ ಸಂಧಿಯಲ್ಲಿ. ಭ್ರೂಣ ಇನ್ನೂ ಗರ್ಭಕೋಶದ ಗೋಡೆಗೆ ಅಂಟಿರುವುದಿಲ್ಲ. ಉಂಡೆಯ ರೂಪ ಬಿಟ್ಟು ನೂಲಿನಂತೆ ಉದ್ದಕ್ಕೆ ಬೆಳೆಯುತ್ತಿರುತ್ತದೆ. ಆ ನೂಲು ಒಂದು ಪ್ರೋಟೀನನ್ನು ಸ್ರವಿಸುತ್ತದೆ ಎಂದು 1980ರ ಹೊತ್ತಿಗೆ ಫ್ರಾನ್ಸ್ ಮತ್ತು ಅಮೆರಿಕದ ಪ್ರಯೋಗಾಲಯಗಳು ಕಂಡುಕೊಂಡವು. 1987ರಲ್ಲಿ ಅದರ ವಂಶವಾಹಿ ಸಂಕೇತವನ್ನು ಓದಿದಾಗ ಕಂಡದ್ದು ಯಾರೂ ಎಣಿಸಿರದ ಸಂಗತಿ. ಅದು ಇಂಟರ್‌ಫೆರಾನ್‌ಗಳ ಮನೆತನಕ್ಕೆ ಸೇರಿದ್ದು. ವೈರಸ್ ದಾಳಿಯಾದಾಗ ದೇಹ ಹೊರಡಿಸುವ ಬಗೆಯ ಪ್ರೋಟೀನನ್ನೇ ಭ್ರೂಣ ತನ್ನ ಇರವನ್ನು ತಿಳಿಸಲು ಬಳಸುತ್ತಿತ್ತು. ಇಂದು ಅದರ ಹೆಸರು ಇಂಟರ್‌ಫೆರಾನ್ ಟೌ. ಗರ್ಭಕೋಶ ಹೊರಡಿಸುವ ಪ್ರೊಸ್ಟಗ್ಲಾಂಡಿನ್ ಹಳದಿ ಗ್ರಂಥಿಯನ್ನು ಕರಗಿಸದಂತೆ ತಡೆಯುವುದು ಅದರ ಕೆಲಸ. ದಿನದಲ್ಲಿ ಹಿಂದೆ ಬಿದ್ದ ಭ್ರೂಣಕ್ಕೆ ಈ ಮಾತು ಹೇಳುವ ಹೊತ್ತಿಗೆ ಕಾಲ ಮೀರಿರುತ್ತದೆ.

ಟಗರಿನಿಂದ ಸಹಜವಾಗಿ ಗಬ್ಬವಾದ ಕುರಿಗಳಲ್ಲೂ ಐದರಲ್ಲಿ ಒಂದು, ಕೆಲವೊಮ್ಮೆ ಅದಕ್ಕೂ ಹೆಚ್ಚು ಭ್ರೂಣಗಳು ಅಳಿಯುತ್ತವೆ. ಬಹುಪಾಲು ಮೊದಲ ಮೂರು ವಾರದೊಳಗೇ. ವರ್ಗಾವಣೆಯ ಫಲಿತಾಂಶವನ್ನು ತೂಗುವಾಗ ಇದು ನೆನಪಿರಬೇಕು. ನೂರಕ್ಕೆ ನೂರು ಎಂಬ ಮಾತು ಯಾವ ಹಟ್ಟಿಯಲ್ಲೂ ಇಲ್ಲ.

ದಿನ ಹೊಂದಿಸುವ ಸಾಧನ 1960ರ ದಶಕದಲ್ಲೇ ಆಸ್ಟ್ರೇಲಿಯಾದಿಂದ ಬಂತು. ಸಿಡ್ನಿ ವಿಶ್ವವಿದ್ಯಾಲಯದ ಟೆರೆನ್ಸ್ ರಾಬಿನ್ಸನ್ ಪ್ರೊಜೆಸ್ಟರಾನ್‌ನಂಥ ಹಾರ್ಮೋನು ನೆನೆಸಿದ ಸ್ಪಂಜನ್ನು ಕುರಿಯ ಯೋನಿಯಲ್ಲಿ ಇಡುವ ವಿಧಾನ ರೂಪಿಸಿದರು. ಸುಮಾರು ಎರಡು ವಾರ ಇಟ್ಟು ತೆಗೆದರೆ ಹಿಂಡಿನ ಕುರಿಗಳೆಲ್ಲ ಒಂದೆರಡು ದಿನದ ಅಂತರದಲ್ಲಿ ಬೆದೆಗೆ ಬರುತ್ತವೆ. ಹೆಚ್ಚು ಅಂಡಕ್ಕಾಗಿ ಹಾರ್ಮೋನು ಪಡೆದ ದಾನಿ ಕುರಿ ತುಸು ಬೇಗ ಬೆದೆಗೆ ಬರುವುದರಿಂದ, ಹೊರುವ ಕುರಿಗಳ ಸ್ಪಂಜನ್ನು ಕೆಲವು ಗಂಟೆ ಮೊದಲೇ ತೆಗೆಯುವುದು ಇಂದಿಗೂ ರೂಢಿ.

ಮೊಲದ ಅಗತ್ಯ ಬೇಗ ತೀರಿತು. 1972ರಲ್ಲಿ ಟರ್ವಿಟ್, ವಿಟಿಂಗ್‌ಹ್ಯಾಮ್ ಮತ್ತು ರೋಸನ್ ಕುರಿಯ ಅಂಡನಾಳದ ರಸವನ್ನೇ ಹೋಲುವ ಕೃತಕ ದ್ರವ ತಯಾರಿಸಿದರು. ಕೆಲವೇ ವರ್ಷಗಳಲ್ಲಿ ಕುರಿಯ ಭ್ರೂಣವನ್ನು ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ ಇಡುವುದೂ ಸಾಧ್ಯವಾಯಿತು. ತಳಿಗಳ ವ್ಯಾಪಾರಕ್ಕೆ ಇದು ಹೊಸ ಹಾದಿ. ರೋಗದ ಭಯದಿಂದ ಜೀವಂತ ಕುರಿಗಳಿಗೆ ಬಾಗಿಲು ಮುಚ್ಚಿದ್ದ ನ್ಯೂಜಿಲೆಂಡ್ 1980ರ ದಶಕದಲ್ಲಿ ಟೆಕ್ಸೆಲ್, ಫಿನ್‌ನಂಥ ತಳಿಗಳನ್ನು ಭ್ರೂಣವಾಗಿ ತರಿಸಿ, ವರ್ಷಗಟ್ಟಲೆ ಪ್ರತ್ಯೇಕವಾಗಿ ಸಾಕಿ, ಆಮೇಲೆ ರೈತರಿಗೆ ಬಿಟ್ಟಿತು.

ನಮ್ಮ ದಖ್ಖನಿನ ಸೀಮೆಗೆ ಹೊಸ ರಕ್ತ ಬಂದ ದಾರಿ ಬೇರೆ. ಸುಂದರಬನದ ಗರೋಲ್ ಕುರಿಗೆ ಅವಳಿ ತ್ರಿವಳಿ ಹಾಕುವ ಗುಣ ಕೊಡುವ ವಂಶವಾಹಿಯನ್ನು ಮಹಾರಾಷ್ಟ್ರದ ಫಲ್ಟಣದ ನಿಂಬ್ಕರ್ ಕೃಷಿ ಸಂಶೋಧನಾ ಸಂಸ್ಥೆ ದಖ್ಖನಿ ಕುರಿಗೆ ಸೇರಿಸಿತು. ಉತ್ತರ ಕರ್ನಾಟಕದ ಕುರುಬರ ಹಿಂಡುಗಳಲ್ಲೂ ಮೇಯುವ ತಳಿ ಇದು. ಆ ಗುಣ ಹಿಂಡುಗಳಿಗೆ ಹರಡುವುದು ಟಗರಿನ ಮೂಲಕ. ಮಳೆ ನೋಡಿ ಊರೂರು ಅಲೆಯುವ ಹಿಂಡಿಗೆ ಅದೇ ತಕ್ಕದ್ದು. ದಿನ ಗುರುತು ಹಾಕಿ, ಸ್ಪಂಜು ಇಟ್ಟು, ಶಸ್ತ್ರಚಿಕಿತ್ಸೆಯ ಕೋಣೆಗೆ ಕುರಿ ತರುವ ಕೆಲಸ ನೆಲೆ ನಿಂತ ಫಾರಂಗಳಿಗೆ ಹೊಂದುತ್ತದೆ. ಭ್ರೂಣ ವರ್ಗಾವಣೆಯಿಂದ ಇಲ್ಲಿ ನಿಜವಾಗಿ ಆಗಬೇಕಾದ ಉಪಕಾರವೆಂದರೆ ಬನ್ನೂರು ಕುರಿಯಂಥ ಅಪ್ಪಟ ತಳಿಗಳನ್ನು ಸಾರಜನಕದ ಡಬ್ಬಿಯಲ್ಲಿ ಉಳಿಸಿಕೊಳ್ಳುವುದು.

ಹಂಟಿಂಗ್ಡನ್ ರಸ್ತೆಯಲ್ಲಿ ಕೊನೆಯ ದೊಡ್ಡ ಕೆಲಸ ಮಾಡಿದವರು ಡೆನ್ಮಾರ್ಕಿನಿಂದ ಬಂದ ಸ್ಟೀನ್ ವಿಲಾಡ್ಸನ್. ಎಳೆಯ ಭ್ರೂಣದ ಹೊರಚಿಪ್ಪು ಸೀಳಿ ಜೀವಕೋಶಗಳನ್ನು ಬೇರೆ ಮಾಡಿದರೆ, ಕಾಪು ಇಲ್ಲದ ಆ ತುಣುಕುಗಳು ಕುರಿಯ ಅಂಡನಾಳದಲ್ಲಿ ಉಳಿಯುತ್ತಿರಲಿಲ್ಲ. ವಿಲಾಡ್ಸನ್ ಅವನ್ನು ಅಗಾರ್ ಎಂಬ ಪಾಚಿಯ ಅಂಟಿನಲ್ಲಿ ಹುದುಗಿಸಿ ಕುರಿಯೊಳಗೆ ಇಟ್ಟರು. ಹೀಗೆ 1979ರಲ್ಲಿ ಒಂದೇ ಭ್ರೂಣದಿಂದ ತದ್ರೂಪಿ ಅವಳಿ ಕುರಿಮರಿಗಳು ಬಂದವು. 1984ರಲ್ಲಿ ಅವರ ತಂಡ ಕುರಿ ಮತ್ತು ಮೇಕೆಯ ಭ್ರೂಣಕೋಶಗಳನ್ನು ಬೆರೆಸಿ ಎರಡೂ ಜಾತಿಯ ಮೈಯುಳ್ಳ ಪ್ರಾಣಿಯನ್ನು ಹುಟ್ಟಿಸಿತು. ಟೆಕ್ಸಾಸ್‌ನ ಹಳೆಯ ಒಗಟಿಗೂ ಇದರಿಂದ ಬೆಳಕು ಸಿಕ್ಕಿತು. ಭ್ರೂಣದ ಹೊರಪದರ ಹೊರುವ ತಾಯಿಯ ಜಾತಿಯದೇ ಆಗಿದ್ದರೆ ಒಳಗೆ ಪರಜಾತಿಯ ಮರಿಯೂ ಉಳಿಯಬಲ್ಲದು. 1986ರಲ್ಲಿ ಕೇಂದ್ರ ಮುಚ್ಚಿತು.

ಹತ್ತು ವರ್ಷದ ಮೇಲೆ, 1996ರ ಜುಲೈ 5ರಂದು, ಕೇಂಬ್ರಿಡ್ಜ್‌ನಲ್ಲೇ ಕಲಿತಿದ್ದ ಇಯಾನ್ ವಿಲ್ಮಟ್ ಮತ್ತು ಅವರ ಸಹೋದ್ಯೋಗಿ ಕೀತ್ ಕ್ಯಾಂಬೆಲ್‌ರ ತಂಡ ಸ್ಕಾಟ್ಲೆಂಡಿನ ರಾಸ್ಲಿನ್ ಸಂಸ್ಥೆಯಲ್ಲಿ ಡಾಲಿ ಎಂಬ ಕುರಿಮರಿಯನ್ನು ಹುಟ್ಟಿಸಿತು. ಜಗತ್ತು ತದ್ರೂಪು ಸೃಷ್ಟಿಯ ಬೆರಗನ್ನು ನೋಡಿತು. ಅದರ ಹಿಂದಿನ ಭ್ರೂಣ ವರ್ಗಾವಣೆಯ ಲೆಕ್ಕವನ್ನೂ ನೋಡಬೇಕು. ವಯಸ್ಕ ಕುರಿಯ ಕೆಚ್ಚಲಿನ ಜೀವಕೋಶಗಳನ್ನು 277 ಅಂಡಗಳೊಡನೆ ಕೂಡಿಸಿದರು. ಅವನ್ನು ಅಂಡನಾಳ ಕಟ್ಟಿದ ಕುರಿಗಳಲ್ಲಿ ಆರು ದಿನ ಬೆಳೆಯಲು ಬಿಟ್ಟರು. ಬಹುಪಾಲಿಗೆ ವಿಲಾಡ್ಸನ್‌ರ ಅಗಾರ್ ಹೊದಿಕೆಯೇ ಕಾಪು. ಹೊರತೆಗೆದಾಗ ಮುಂದಕ್ಕೆ ಇಡಲು ಯೋಗ್ಯವಾಗಿದ್ದವು 29. ಆ 29ನ್ನು 13 ಕುರಿಗಳಿಗೆ ಇಟ್ಟರು. ಒಂದು ಕುರಿಯಲ್ಲಿ ಗಬ್ಬ ನಿಂತಿತು. ಕಪ್ಪು ಮುಖದ ಸ್ಕಾಟಿಷ್ ಕುರಿಯೊಂದು 148 ದಿನ ಹೊತ್ತು, 6.6 ಕಿಲೋ ತೂಕದ ಬಿಳಿ ಮುಖದ ಮರಿಯನ್ನು ಈದಿತು.