ಸಾಕ್ಷಿಗೆ ಬಂದ ಮಾಂಸದ ತುಂಡು

1955ರ ಜುಲೈ ತಿಂಗಳ ಒಂದು ದಿನ ಗ್ಲಾಸ್ಗೋ ವಿಶ್ವವಿದ್ಯಾಲಯದ ಪ್ರಸೂತಿಶಾಸ್ತ್ರದ ಪ್ರಾಧ್ಯಾಪಕ ಇಯಾನ್ ಡೊನಾಲ್ಡರು ಸಮೀಪದ ರೆನ್‌ಫ್ರ್ಯೂ ಊರಿನ ಬಾಯ್ಲರ್ ಕಾರ್ಖಾನೆಗೆ ವಿಚಿತ್ರವಾದ ಸರಕೊಂದನ್ನು ಒಯ್ದರು. ಅದು ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗೆಡ್ಡೆಗಳು! ಲೋಹದೊಳಗೆ ಅಡಗಿದ ಬಿರುಕನ್ನು, ಕಿವಿಗೆ ಕೇಳಿಸದ ಧ್ವನಿಯ ಮರುದನಿಯಿಂದ ಪತ್ತೆ ಹಚ್ಚುವ ಯಂತ್ರ ಅಲ್ಲಿತ್ತು. ಉಕ್ಕಿನ ದೋಷವನ್ನು ಹೇಳುವ ಯಂತ್ರ ದೇಹದ ದೋಷವನ್ನೂ ಹೇಳಬಲ್ಲುದೆ? ಹೋಲಿಸಿ ನೋಡಲೆಂದು ಕಾರ್ಖಾನೆಯವರು ದನದ ಮಾಂಸದ ದೊಡ್ಡ ತುಂಡೊಂದನ್ನು ತರಿಸಿಟ್ಟಿದ್ದರು.

ಮಾಂಸವೆಂದರೆ ಸ್ನಾಯುವೇ ತಾನೆ? ಅಂದು ಅದು ಬರಿಯ ಸಾಕ್ಷಿ, ವಿಚಾರಣೆ ಗೆಡ್ಡೆಯದು. ಡೊನಾಲ್ಡರೂ ಅವರ ಸಂಗಡಿಗರೂ 1958ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದಿಂದ ಈ ವಿದ್ಯೆಗೆ ವೈದ್ಯಲೋಕದಲ್ಲಿ ಮನ್ನಣೆ ದೊರೆಯಿತು.

ಸ್ನಾಯುವಿನ ಸರದಿ ಬಂದುದು ತಡವಾಗಿ. 1895ರಲ್ಲಿ ರಾಂಟ್ಜೆನ್ ಕಂಡುಹಿಡಿದ ಕ್ಷ-ಕಿರಣ ಮುರಿದ ಮೂಳೆಯನ್ನು ತೋರಿಸುತ್ತಿತ್ತು. ಹರಿದ ಸ್ನಾಯುವಿನ ವಿಷಯದಲ್ಲಿ ಅದು ಮೂಕ. 1968ರಲ್ಲಿ ಜಪಾನಿನ ಇಕಾಯ್ ಮತ್ತು ಫುಕುನಾಗಾ ಅವರು ಶ್ರವಣಾತೀತ ಧ್ವನಿಯಿಂದ ತೋಳಿನ ಸ್ನಾಯುವಿನ ಗಾತ್ರವನ್ನು ಅಳೆದು ಅದರ ಬಲದೊಡನೆ ಹೋಲಿಸಿದರು. 1980ರಲ್ಲಿ ಲಂಡನ್ನಿನ ಹೆಕ್‌ಮ್ಯಾಟ್, ಡುಬೊವಿಟ್ಸ್ ಮತ್ತು ಸಂಗಡಿಗರು ರೋಗ ಹಿಡಿದ ಸ್ನಾಯುವಿನ ಮರುದನಿ ಹೆಚ್ಚು ಬೆಳ್ಳಗೆ ಕಾಣುವುದನ್ನು ತೋರಿಸಿಕೊಟ್ಟರು. ಚಲಿಸುವ ಚಿತ್ರವನ್ನು ಆಗಿಂದಾಗಲೇ ಕಾಣಿಸುವ ಯಂತ್ರಗಳು ಬಂದ ಮೇಲೆ ಆಟಗಾರರ ಪೆಟ್ಟುಗಳೂ ಪರದೆಯೇರಿದುವು.

ಆರೋಗ್ಯವಂತ ಸ್ನಾಯು ಚಿತ್ರದಲ್ಲಿ ಬಾಚಿದ ಕೂದಲಿನಂತೆ: ಕಪ್ಪು ಕಂತೆಗಳು, ನಡುವೆ ಬಿಳಿಯ ಗೆರೆಗಳು. ಹರಿದೆಡೆಯಲ್ಲಿ ಗೆರೆ ತುಂಡಾಗಿರುತ್ತದೆ; ಒಳಗೆ ಸುರಿದ ರಕ್ತ ಒಂದೆರಡು ದಿನಗಳಲ್ಲಿ ಕಪ್ಪು ಮಡುವಾಗಿ ಕಾಣುತ್ತದೆ. ವಾರಗಳು ಉರುಳಿದಂತೆ ಮಡು ಬತ್ತುತ್ತದೆ, ಗೆರೆಗಳು ಕೂಡುತ್ತವೆ. ಕಲೆ ಉಳಿದರೆ ಬೆಳ್ಳಗೆ ಹೊಳೆಯುತ್ತದೆ. ರೋಗಿಗೆ ಕಾಲನ್ನು ಬಿಗಿಹಿಡಿಯಲು ಹೇಳಿ, ಎಳೆಗಳು ಒಟ್ಟಾಗಿ ಎಳೆಯುತ್ತಿವೆಯೇ ಎಂದೂ ವೈದ್ಯರು ನೋಡಬಲ್ಲರು.

ಇದರ ಬೆಲೆ ಬಲ್ಲವನು ಓಟಗಾರ. ತೊಡೆಯ ನೋವು ನಿಂತೊಡನೆ ವಾಸಿಯಾಯಿತೆಂದು ಅವನು ನಂಬುತ್ತಾನೆ. ಅವಸರದಲ್ಲಿ ಓಡಿ ಅದೇ ಸ್ನಾಯುವನ್ನು ಮತ್ತೆ ಹರಿದುಕೊಳ್ಳುತ್ತಾನೆ. ನೋವು ಹೋದರೂ ಗಾಯ ಉಳಿದಿರಬಹುದೆಂಬುದನ್ನು ಚಿತ್ರ ಅವನ ಕಣ್ಣಿಗೇ ತೋರಿಸುತ್ತದೆ. ಹಾಗೆಂದು ಚಿತ್ರವೇ ಕೊನೆಯ ತೀರ್ಪಲ್ಲ. ಸಣ್ಣ ಗಾಯ ಅದರ ಕಣ್ಣು ತಪ್ಪಿಸೀತು. ನೋಡುವವರ ಕೈಚಳಕವೂ ಬೇಕು. ಸ್ನಾಯುವಿನ ಬಲವನ್ನು ಪರೀಕ್ಷಿಸದೆ, ರೋಗಿಯ ಮಾತನ್ನು ಕೇಳದೆ, ಯಾವ ವೈದ್ಯರೂ ಅವನನ್ನು ಮೈದಾನಕ್ಕೆ ಕಳುಹಿಸಲಾರರು.