ಪ್ಲೇಟೋದಲ್ಲಿ ಮೇಷ್ಟ್ರಿಗೂ ಜಾಗ ಇತ್ತು

ಕಂಪ್ಯೂಟರಿನಲ್ಲಿ ಪಾಠ ಹೇಳುವುದು ಇಂಟರ್ನೆಟ್ ಬಂದ ಮೇಲೆ ಶುರುವಾಯಿತು ಎಂದುಕೊಂಡವರೇ ಹೆಚ್ಚು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರ್ ಡೊನಾಲ್ಡ್ ಬಿಟ್ಜರ್ ಇದನ್ನು 1960ರಲ್ಲೇ ಮಾಡಿದ್ದರು. ಆ ವ್ಯವಸ್ಥೆಯ ಹೆಸರು ಪ್ಲೇಟೋ. ಮೊದಲಿಗೆ ಅಷ್ಟು ದೊಡ್ಡ ಯಂತ್ರಕ್ಕೆ ಒಂದು ಸಲಕ್ಕೆ ಒಬ್ಬನೇ ವಿದ್ಯಾರ್ಥಿ.

ಕಲಿಯುವವರ ಮನಸ್ಸನ್ನು ಅವರು ಚೆನ್ನಾಗಿ ಅರಿತಿದ್ದರು. ಪ್ರಶ್ನೆ ತಿಳಿಯದಿದ್ದರೆ 'ಹೆಲ್ಪ್' ಗುಂಡಿ ಒತ್ತಬೇಕು. ಅದೇ ಪ್ರಶ್ನೆಗೆ ಬೇಕಾದ ಸಣ್ಣ ಪಾಠಗಳು ತೆರೆದುಕೊಳ್ಳುತ್ತವೆ. ನಡುವೆಯೇ ತಲೆಗೆ ಹೊಳೆದುಬಿಟ್ಟರೆ? ಅದಕ್ಕೂ ಒಂದು ಗುಂಡಿ, ಹೆಸರು 'ಅಹಾ'! ಒತ್ತಿದರೆ ಬಿಟ್ಟುಬಂದ ಪ್ರಶ್ನೆಗೇ ವಾಪಸ್. ಇಂಥ ಗುಂಡಿ ಈಗಿನ ಆ್ಯಪ್‌ಗಳಲ್ಲಿ ನಮಗಂತೂ ಸಿಕ್ಕಿಲ್ಲ.

ತೊಡಕಿದ್ದದ್ದು ಪಾಠ ಬರೆಯುವವರಿಗೆ. ವಿಷಯ ಬಲ್ಲವರಿಗೆ ಪ್ರೋಗ್ರಾಮಿಂಗ್ ಬಾರದು, ಪ್ರೋಗ್ರಾಮಿಂಗ್ ಬಲ್ಲವರಿಗೆ ವಿಷಯ ಗೊತ್ತಿಲ್ಲ. 1967ರಲ್ಲಿ ಪಾಲ್ ಟೆಂಕ್ಜರ್ ಎಂಬ ಜೀವಶಾಸ್ತ್ರದ ವಿದ್ಯಾರ್ಥಿ 'ಟ್ಯೂಟರ್' ಎಂಬ ಭಾಷೆ ಕಟ್ಟಿದರು. ಅದರ ಆದೇಶಗಳು ಮೇಷ್ಟ್ರ ಮಾತಿನಂತೇ ಇದ್ದವು: ಬರೆ, ಉತ್ತರ, ತಪ್ಪು. ಸರಿಯುತ್ತರ ಯಾವುದು, ಯಾವ ತಪ್ಪಿಗೆ ಏನು ಹೇಳಬೇಕು ಎಂಬುದನ್ನು ಪಾಠ ಬರೆದವರೇ ಗೊತ್ತುಮಾಡುತ್ತಿದ್ದರು. 1972ರ ಹೊತ್ತಿಗೆ ಬೆರಳು ತಾಗಿಸಿದರೆ ಗುರುತಿಸುವ ಕಿತ್ತಳೆ ಬಣ್ಣದ ಪರದೆಯೂ ಬಂತು. ಪಾಠ ಬರೆಯಲು ಬೇರೆ ಯಂತ್ರ ಬೇಕಿರಲಿಲ್ಲ. ವಿದ್ಯಾರ್ಥಿ ಕೂರುವಂಥ ಪರದೆಯ ಮುಂದೆಯೇ ಬರೆದು, ತಾವೇ ವಿದ್ಯಾರ್ಥಿಯಾಗಿ ಓಡಿಸಿ ನೋಡಿ, ಎಡವಿದಲ್ಲಿ ತಿದ್ದಬಹುದಿತ್ತು. ಮಕ್ಕಳು ಕೊಟ್ಟ ಉತ್ತರಗಳನ್ನು ಉಳಿಸಿಟ್ಟು ಆಮೇಲೆ ನೋಡಲೂ ಅವಕಾಶವಿತ್ತು. ನಮ್ಮ ಕಣ್ಣಿಗೆ ಪ್ಲೇಟೋದ ದೊಡ್ಡ ಸಾಧನೆ ಪರದೆಯಲ್ಲ, ಇದು.

ನಮ್ಮ ಕಡೆ ಸುದ್ದಿಗೆಂದು ಶಾಲೆಗಳಿಗೆ ಹೋದರೆ ಸ್ಮಾರ್ಟ್ ಕ್ಲಾಸಿನ ಪಾಠಗಳು ಸಿದ್ಧವಾಗಿಯೇ ಬಂದಿರುತ್ತವೆ. ಮೇಷ್ಟ್ರ ಪಾಲಿಗೆ ಉಳಿದದ್ದು ಪ್ಲೇ ಒತ್ತುವ ಕೆಲಸ. ಕಾಗುಣಿತ ತಪ್ಪಿದ್ದರೂ ತಿದ್ದುವಂತಿಲ್ಲ. ಮಕ್ಕಳಿಗೆ ಎಲ್ಲಿ ಅರ್ಥವಾಗಲಿಲ್ಲ ಎಂಬುದು ಪಾಠ ಮಾಡಿದವರಿಗೆ ತಲುಪುವುದೂ ಇಲ್ಲ. 2020ರ ಲಾಕ್‌ಡೌನಿನಲ್ಲಿ ಇದೇ ಮೇಷ್ಟ್ರುಗಳು ಮೊಬೈಲಿನಲ್ಲೇ ಪಾಠ ರೆಕಾರ್ಡ್ ಮಾಡಿ ವಾಟ್ಸ್ಆ್ಯಪಿನಲ್ಲಿ ಕಳಿಸಿದ್ದರು. ಬರೆಯಬಲ್ಲವರು ಇಲ್ಲ ಎನ್ನುವ ಮಾತು ಅದಕ್ಕೇ ನಮಗೆ ಒಪ್ಪಿಗೆಯಾಗುವುದಿಲ್ಲ.

ಪ್ಲೇಟೋಗೆ ಮುಳುವಾದದ್ದು ಖರ್ಚು. ಟರ್ಮಿನಲ್ ದುಬಾರಿ, ಒಂದು ಗಂಟೆಯ ಒಳ್ಳೆಯ ಪಾಠಕ್ಕೆ ಎಷ್ಟೋ ದಿನಗಳ ದುಡಿಮೆ ಬೇಕು. ವ್ಯಾಪಾರದ ಹಕ್ಕು ಪಡೆದ ಕಂಟ್ರೋಲ್ ಡೇಟಾ ಕಂಪನಿ ಹಾಕಿದ ದುಡ್ಡು ವಾಪಸ್ ಬರಲಿಲ್ಲ. ಅಷ್ಟರಲ್ಲಿ ಅಗ್ಗದ ಪರ್ಸನಲ್ ಕಂಪ್ಯೂಟರ್‌ಗಳೂ ಬಂದವು. ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಅದರ ಕವಲು ನೋವಾನೆಟ್ 2015ರವರೆಗೂ ನಡೆದು ನಿಂತಿತು.